ಶರೀಫಣ್ಣನ ಬುರುಡೆ ಮೊಳೆ

ಚನ್ನಪಟ್ಟಣದಿಂದ ಸಮುದ್ರ ಹತ್ತು ಗಂಟೆ ದಾರಿ. ಅಷ್ಟು ದೂರದಲ್ಲಿರೋ ನಮಗೆ ಸಮುದ್ರದ ಮೀನು ಹಿಡಿಯೋ ಹುಚ್ಚು ಯಾಕೆ ಅಂಟ್ಕೊಂತು ಅಂತ ಕೇಳೋರಿಗೆ ನಾನು ಉತ್ತರ ಕೊಡಕ್ಕೇ ಹೋಗಲ್ಲ. ನನ್ನ ಹೆಂಡ್ತಿ ಭಾನುಪ್ರಿಯ ಕೇಳಿ ಕೇಳಿ ಸುಸ್ತಾಗವ್ಳೆ. "ಮೀನೇ ಬೇಕು ಅಂದ್ರೆ ಕಣ್ವ ಡ್ಯಾಮ್ ತಾವ ಹೋಗಿ ತರ್ಬಾರ್ದಾ? ಡೀಸೆಲ್ ಸುಟ್ಕೊಂಡು ಕುಮಟಾಕ್ಕೆ ಹೋಗಿ ಬರಿಗೈಲಿ ಬತ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?" ಅಂತಾಳೆ. ಆಗಲ್ಲ. ಬರಿಗೈಲಿ ಬಂದ್ರೂ ಬಾಯ್ತುಂಬ ಕತೆ ತತ್ತೀವಲ್ಲ, ಅದಕ್ಕೇ ಹೋಗೋದು.

ನಾನು ಕೆಂಪರಾಜು, ಕೈಲಾಂಚದೋನು. ಹಿಪ್ಪುನೇರಳೆ ತೋಟ, ಮೂರು ಸೀಮೆಹಸ, ಬೆಳಗಾದ್ರೆ ಡೈರಿಗೆ ಹಾಲು, ಇಷ್ಟೇ ನನ್ನ ಬದುಕು. ಬಾಯಿ ಒಸಿ ಜಾಸ್ತಿ, ಸಿಟ್ಟೂ ಒಸಿ ಜಾಸ್ತಿ. ಎರಡೂ ನಮ್ಮಪ್ಪನಿಂದ ಬಂದ ಆಸ್ತಿ, ಪಾಲು ಕೇಳೋಕೆ ತಮ್ಮಂದಿರು ಯಾರೂ ಬರ್ಲಿಲ್ಲ. ಆದ್ರೆ ಇದು ನನ್ನ ಕತೆ ಅಲ್ಲ, ಶರೀಫಣ್ಣಂದು. ಅದ್ರಾಗೆ ನಂದೂ ಒಂದು ತಪ್ಪೈತೆ, ಅದು ಬಂದಾಗ ಮುಚ್ಚಿಡದೆ ಹೇಳ್ತೀನಿ.

ಶರೀಫಣ್ಣ ಚನ್ನಪಟ್ಟಣದಲ್ಲಿ ಬೊಂಬೆ ಮಾಡೋನು. ಹನ್ನೊಂದನೇ ವಯಸ್ಸಿಗೆ ಲೇತಿನ ಮುಂದೆ ಕೂತವ್ನು, ಈಗ ಐವತ್ತೇಳು, ಇನ್ನೂ ಎದ್ದಿಲ್ಲ. ಕುಳ್ಳಗಿನ ಆಳು, ಮಣಿಕಟ್ಟು ಮಾತ್ರ ನನ್ನ ಮೊಣಕೈ ದಪ್ಪ. ಕನ್ನಡಕಕ್ಕೆ ದಾರ ಕಟ್ಕೊಂಡವ್ನೆ. ಉಗುರು ಸಂದಿಯೆಲ್ಲ ಅರಗಿನ ಬಣ್ಣ, ಒಂದು ದಿನ ಕೆಂಪು, ಒಂದು ದಿನ ಹಳದಿ. ಆಲೆಮರದ ತುಂಡನ್ನ ಲೇತಿಗೆ ಸಿಗಿಸಿ ಉಳಿ ಇಟ್ಟ ಅಂದ್ರೆ ನೀವು ಒಂದು ಬೀಡಿ ಸೇದಿ ಮುಗ್ಸೋ ಹೊತ್ತಿಗೆ ಬುಗುರಿ ಕೈಗೆ ಬಂದಿರ್ತದೆ. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಮೇಲೆ ತಾಳೆಗರಿ ಉಜ್ಜಿ ಮಿರಮಿರ ಅನ್ನಿಸ್ತಾನೆ. ಮುಗ್ದ ಮೇಲೆ ಅವನು ಹೇಳೋದು ಒಂದೇ ಮಾತು. "ಇನ್ನು ಇದಕ್ಕೆ ಸಾವಿಲ್ಲ ಹೋಗಪ್ಪ."

ಆ ಮನುಷ್ಯನಿಗೆ ತನ್ನ ಕೈಮೇಲೆ ಅಷ್ಟು ನಂಬಿಕೆ. ಅಹಂಕಾರ ಅಂತ ಅಂದ್ಕೊಂಡೀರ, ಅಲ್ಲ. ಬರ್ತದೆ ಅಂದ್ರೆ ಬರ್ತದೆ ಅಂತಾನೆ, ಬರಲ್ಲ ಅಂದ್ರೆ ಬರಲ್ಲ ಅಂತಾನೆ, ನಡುವೆ ನಸುನಗೋದು, ನೋಡೋಣ ಅನ್ನೋದು, ಇದೆಲ್ಲ ಅವನ ಹತ್ರ ಇಲ್ಲ.

ನಮ್ಮ ಗುಂಪಿಗೆ ಅವನನ್ನ ಎಳ್ಕೊಂಡು ಬಂದೋನು ಅಶೋಕ. ಹೈವೇ ಪಕ್ಕ ಟೈರ್ ಅಂಗ್ಡಿ ಇಟ್ಟವ್ನೆ. ಒಂದು ಸಲ ಫಾರಿನ್ನಿಂದ ತರಿಸಿದ ಹುಸಿಮೀನು ಒಂದನ್ನ, ಅಂದ್ರೆ ಗಾಳದ ತುದಿಗೆ ಎರೆ ಬದಲು ಕಟ್ತಾರಲ್ಲ ಆ ಬೊಂಬೆ ಮೀನನ್ನ, ಮೊದಲನೇ ಎಸೆತಕ್ಕೇ ಬಂಡೆಗೆ ಬಡಿದು ಎರಡು ಹೋಳು ಮಾಡ್ಕೊಂಡ. ಹೋಳೆರಡನ್ನೂ ತಂದು ಶರೀಫಣ್ಣನ ಮುಂದೆ ಇಟ್ಟ. ಶರೀಫಣ್ಣ ಮೂಸಿ ನೋಡ್ದ, ಅಲ್ಲಾಡ್ಸಿ ನೋಡ್ದ.

"ಇದು ನಮ್ಮ ಆಟದ ಸಾಮಾನೇ ಅಲ್ವೇನಪ್ಪ," ಅಂದ. "ನಾನು ಮಕ್ಕಳಿಗೆ ಮಾಡ್ತೀನಿ, ಅವನ್ಯಾರೋ ಮೀನಿಗೆ ಮಾಡವ್ನೆ."

ಅರ್ಧ ಗಂಟೇಲಿ ಮಾಡಿಕೊಟ್ಟ. ಗೇಣುದ್ದದ ಮರದ ಮೀನು, ಬೆನ್ನು ನೀಲಿ, ಹೊಟ್ಟೆ ಬಿಳಿ, ಮುಂದೆ ಬಾಯಿ ಕೊರೆದ ಹಂಗೆ ಒಂದು ಗುಳಿ, ನೀರಲ್ಲಿ ಎಳೆದ್ರೆ ಗುಳುಕ್ ಗುಳುಕ್ ಅನ್ನಬೇಕು. ಮೂತಿಗೆ ಒಂದು ಕೊಂಡಿ ಸ್ಕ್ರೂ ದಾರಕ್ಕೆ, ಬಾಲಕ್ಕೆ ಒಂದು ಕೊಂಡಿ ಸ್ಕ್ರೂ ಗಾಳಕ್ಕೆ. ಮಕ್ಕಳು ದಾರ ಕಟ್ಟಿ ಎಳೀತಾರಲ್ಲ ಮರದ ಬಾತುಕೋಳಿ, ಅದಕ್ಕೆ ಹಾಕೋ ಅದೇ ಸ್ಕ್ರೂ. ಅಶೋಕನಿಗೆ ಅನುಮಾನ ಬಂತು. "ಶರೀಫಣ್ಣ, ಸಮುದ್ರದ ಮೀನು ಜೋರಾಗಿ ಎಳೀತದೆ, ತಡೀತದಾ ಈ ಸ್ಕ್ರೂ?" ಅಂದ. ಶರೀಫಣ್ಣ ಸೀದಾ ಅಡುಗೆಮನೆಗೆ ಹೋಗಿ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಹೊತ್ಕೊಂಡು ಬಂದು, ಮರದ ಮೀನನ್ನ ಜಂತಿಗೆ ಕಟ್ಟಿ, ಬಾಲದ ಕೊಂಡಿಗೆ ಮೂಟೆ ನೇತಾಕ್ದ. ಮೂಟೆ ಒಂದು ಗಂಟೆ ನೇತಾಡ್ತು. ಸ್ಕ್ರೂ ಕೂದಲೆಳೆಯಷ್ಟೂ ಜರುಗ್ಲಿಲ್ಲ.

"ನಿನ್ನ ಮೀನು ಇದಕ್ಕಿಂತ ತೂಕ ಐತಾ?" ಅಂದ. ಅವತ್ತಿಂದ ನಮ್ಮ ಗುಂಪಿನಾಗೆ ಶರೀಫಣ್ಣನ ಸ್ಕ್ರೂ ಅಂದ್ರೆ ಅಕ್ಕಿ ಮೂಟೆ ಸಾಕ್ಷಿ.

ಮೊದಮೊದಲು ಅವನು ಸಮುದ್ರಕ್ಕೆ ಬರ್ತಿರ್ಲಿಲ್ಲ. ಬಾರಣ್ಣ ಅಂದ್ರೆ, "ನಾನ್ಯಾಕೆ ಬರ್ಲಿ? ಸಮುದ್ರದಾಗೆ ಏನು ನಡೀತು ಅಂತ ನನ್ನ ಮೀನೇ ವಾಪಸ್ ಬಂದು ಹೇಳ್ತದೆ," ಅನ್ನೋನು. ಅದು ಸುಳ್ಳಲ್ಲ. ನಾವು ಹೋಗಿ ಬಂದ ಮುಂದಿನ ಭಾನುವಾರ ಅವನ ಕಾರ್ಖಾನೇಲಿ ಸೇರ್ತೀವಿ. ಸೇರಿದ ಕೂಡಲೇ ಕತೆ ಶುರುವಾಗಲ್ಲ. ಮೊದ್ಲು ಎಲ್ಲರೂ ತಂತಮ್ಮ ಮರದ ಮೀನು ಅವನ ಮುಂದೆ ಇಡಬೇಕು. ಅವನು ಕನ್ನಡಕ ಏರಿಸಿ, ಬಿಸಿಲಿಗೆ ಹಿಡ್ದು, ಅರಗಿನ ಮೇಲಿನ ಹಲ್ಲಿನ ಗುರುತು ಓದ್ತಾನೆ. ಬ್ಲೇಡಲ್ಲಿ ಗೀರಿದಂಗೆ ಸಾಲಾಗಿದ್ರೆ ಅಂಜಲ್ ಮೀನು. ಎರಡು ದುಂಡನೆ ಗುಳಿ, ಪಕ್ಕದಾಗೆ ಸಣ್ಣವು, ಅಂದ್ರೆ ಕೆಂಬೇರಿ ಮೀನು. ಉದ್ದುದ್ದ ತರಚಿದ್ರೆ ಅದು ಬಂಡೆ. ಗುಳಿ ಗುಳಿ ನಡುವಿನ ಅಂತರ ಬೆರಳಲ್ಲಿ ಅಳೆದು ಮೀನು ಎಷ್ಟುದ್ದ ಅಂತಾನೂ ಹೇಳ್ಬುಡ್ತಾನೆ. ಆಮೇಲೇ ನಮ್ಮ ಕತೆ. ಕತೆಗೂ ಹಲ್ಲಿಗೂ ತಾಳೆ ಆಗ್ಲಿಲ್ಲ ಅಂದ್ರೆ ಬುರುಡೆ ಮೊಳೆ.

ಅದು ಕಾರ್ಖಾನೆ ಗೋಡೆಗೆ ಹೊಡೆದಿರೋ ಒಂದು ಕಬ್ಬಿಣದ ಮೊಳೆ. ಬುರುಡೆ ಬಿಟ್ಟೋನ ಮರದ ಮೀನು ಅದಕ್ಕೆ ನೇತುಬೀಳ್ತದೆ. ನೇತುಬಿದ್ದಷ್ಟು ದಿನ ಪ್ರತಿ ಭಾನುವಾರ ಎಲ್ಲರಿಗೂ ಟೀ ಬಗ್ಗಿಸಿ ಕೊಡೋದು ಅವನ ಕೆಲಸ. ಬಿಡುಗಡೆಗೆ ದಾರಿ ಸುಲಭ. "ಹೌದು ಕಣ್ರಪ್ಪ, ಬುರುಡೆ" ಅಂತ ಒಂದು ಸಲ ಒಪ್ಕೊಂಡ್ರೆ ಸಾಕು, ಅವತ್ತೇ ಇಳಿಸಿ ಕೊಡ್ತಾರೆ.

ನಾವೆಲ್ಲ ನೇತುಬಿದ್ದಿದ್ದೀವಿ. ಅಶೋಕ ಒಂದ್ಸಲ ತೊಡೆಗಾತ್ರದ ಅಂಜಲ್ ಕಚ್ತು ಅಂತ ಹೇಳಿದ. ಶರೀಫಣ್ಣ ಗುರುತು ನೋಡಿ, "ಈ ಮೀನಿಗೆ ನಾಲ್ಕೇ ಹಲ್ಲು, ನಾಲ್ಕೂ ಒಂದೇ ಅಳತೆ. ಅಂಗ್ಡಿ ಇಕ್ಕಳ ವಾಪಸ್ ಇಟ್ಟೆಯಾ ಇಲ್ವಾ?" ಅಂದ. ಅಶೋಕ ಅಲ್ಲೇ ಕಾಲು ಹಿಡ್ಕೊಂಡ. ನಾನು ಬಿಟ್ಟೀನಾ? ಮುಂದಿನ ಸಲ ನನ್ನ ಮರದ ಮೀನಿನ ತುಂಬ ಹಲ್ಲಿನ ಗುರುತು ತಂದಿಟ್ಟು, ಕೈ ಅಗಲಿಸಿ ದೊಡ್ಡ ಕತೆ ಹೊಡೆದೆ. ಶರೀಫಣ್ಣ ಪೂರ್ತಿ ಕೇಳಿಸ್ಕೊಂಡ. "ಕೆಂಪರಾಜು, ಇದು ಸಮುದ್ರದ್ದಲ್ಲ ಕಣಪ್ಪ, ಕೈಲಾಂಚದ್ದು. ಬಾಲ ಅಲ್ಲಾಡಿಸ್ತಿತ್ತಾ?" ಅಂದ. ನಮ್ಮ ಮನೆ ನಾಯಿ ಎರಡು ದಿನ ಅಗಿದಿತ್ತು ಅದನ್ನ. ಥೂ, ಆ ಭಾನುವಾರ ನನ್ನ ಮಾನ ಮೂರು ಕಾಸಿಗೆ ಹೋಯ್ತು. "ಬುರುಡೆ, ಬುರುಡೆ" ಅಂತ ಒಪ್ಕೊಂಡು ಇಳಿಸ್ಕೊಂಡೆ.

ಒಪ್ಕೊಳ್ದೇ ಇದ್ದೋನು ಒಬ್ಬನೇ. ಬೈರಪ್ಪಣ್ಣ.

ಬೈರಪ್ಪಣ್ಣ ಮಾಗಡಿ ತಾಲ್ಲೂಕು ಕಲ್ಯದೋನು. ಅರವತ್ತೆಂಟು ವಯಸ್ಸು, ರಾಗಿ ಅವರೆ ಬೆಳೆಯೋ ಮನುಷ್ಯ, ಬಿಳಿ ಪಂಚೆ, ಹೆಗಲ ಮೇಲೆ ಟವಲು. ಮಾತು ಕಮ್ಮಿ. ನಮ್ಮ ಗುಂಪಿನಾಗೆ ಎಲ್ಲರಿಗಿಂತ ದೂರ ಎಸೆಯೋನು ಅವನೇ, ಕವಣೆ ಬೀಸಿ ಪಳಗಿದ ತೋಳು. ನಾಲ್ಕು ವರ್ಷದ ಹಿಂದೆ ಕುಮಟಾ ಹತ್ರ ಒಂದು ಬಂಡೆ ಕೊನೇಲಿ ಒಬ್ಬನೇ ನಿಂತು ಗಾಳ ಹಾಕ್ತಿದ್ದ. ವಾಪಸ್ ಬಂದಾಗ ಅವನ ಮರದ ಮೀನಿಗೆ ಬಾಲದ ಸ್ಕ್ರೂನೂ ಇಲ್ಲ, ಗಾಳಾನೂ ಇಲ್ಲ.

ಭಾನುವಾರ ಕಾರ್ಖಾನೇಲಿ ಹೇಳಿದ. "ಏನೋ ಹಿಡೀತಪ್ಪ. ಎಡಕ್ಕೆ ಓಡ್ತು. ಎರಡು ಬಂಡೆ ನಡುವೆ ಸಂದಿ ಐತಲ್ಲ, ಅಲ್ಲಿಗೆ. ನಿಲ್ತು. ಮೂರು ಸಲ ತಲೆ ಒದರ್ತು. ಆಮೇಲೆ ದಾರ ಹಗುರ ಆಗೋಯ್ತು." ಅಷ್ಟೇ ಅವನ ಕತೆ.

ಶರೀಫಣ್ಣ ಮರದ ಮೀನು ತಿರುಗಿಸಿ ಮುರುಗಿಸಿ ನೋಡ್ದ. ಮೈಮೇಲೆ ಒಂದು ಹಲ್ಲಿನ ಗುರುತಿಲ್ಲ. ಬಾಲದ ತಾವ ಸ್ಕ್ರೂ ಕಿತ್ತ ತೂತು ಮಾತ್ರ.

"ಬೈರಪ್ಪಣ್ಣ, ನನ್ನ ಸ್ಕ್ರೂ ಕೀಳೋ ಮೀನು ಸಮುದ್ರದಾಗಿಲ್ಲ," ಅಂದ. "ಗಾಳ ಬಂಡೆಗೆ ಸಿಕ್ಕಾಕ್ಕೊಂಡೈತೆ. ನೀನು ಬಲವಾಗಿ ಎಳ್ದಿದ್ದೀಯ. ಕಿತ್ಕೊಂಡೈತೆ."

"ಬಂಡೆ ಓಡ್ತದಾ ಶರೀಫು?" ಅಂದ ಬೈರಪ್ಪಣ್ಣ.

ಇಲ್ಲೈತೆ ನೋಡಿ ನನ್ನ ತಪ್ಪು. ನಾನು ಗಟ್ಟಿಯಾಗಿ, ರಸ್ತೆಗೆ ಕೇಳೋ ಹಂಗೆ ನಕ್ಕೆ. "ಓಡ್ತದೆ ಬುಡಣ್ಣ! ನಮ್ಮ ರಾಮನಗರದ ಬಂಡೆಗಳಿಗೆಲ್ಲ ಕಾಲು ಬಂದು ಕುಮಟಾ ಸೇರ್ಕೊಂಡವೆ!" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವತ್ತಿಂದ ಬೈರಪ್ಪಣ್ಣನ ಹೆಸರು 'ಓಡೋ ಬಂಡೆ'. ಅವನ ಮರದ ಮೀನು ಬುರುಡೆ ಮೊಳೆಗೆ ಹೋಯ್ತು.

ಬುರುಡೆ ಅಂದಿದ್ರೆ ಅವತ್ತೇ ಮುಗೀತಿತ್ತು. ಅನ್ನಲಿಲ್ಲ. ಸಿಟ್ಟು ಮಾಡ್ಕೊಂಡು ಬರೋದು ಬುಟ್ನಾ? ಅದೂ ಇಲ್ಲ. ಪ್ರತಿ ಭಾನುವಾರ ಕಲ್ಯದಿಂದ ಎರಡು ಬಸ್ಸು ಬದಲಾಯ್ಸಿ ಬರೋನು, ಫ್ಲಾಸ್ಕ್ ಎತ್ತೋನು, ಎಲ್ಲರ ಲೋಟಕ್ಕೂ ಟೀ ಬಗ್ಗಿಸೋನು, ಕೂತು ನಮ್ಮ ಸುಳ್ಳೆಲ್ಲ ಕೇಳೋನು, ಹೋಗೋನು. "ಹೇಳಣ್ಣ ಒಂದು ಸಲ, ಬುರುಡೆ ಅಂತ, ಮುಗೀಲಿ" ಅಂತ ಅಶೋಕ ಎಷ್ಟು ಸಲ ಗೋಗರೆದ. "ಆಗಿದ್ದನ್ನ ಆಗ್ಲಿಲ್ಲ ಅಂತ ಎಂಗಪ್ಪ ಹೇಳ್ಳಿ?" ಅನ್ನೋನು. ಸಮುದ್ರಕ್ಕೆ ಮಾತ್ರ ಆಮೇಲೆ ಬರ್ಲಿಲ್ಲ. ನಾಲ್ಕು ವರ್ಷ ಟೀ ಬಗ್ಗಿಸಿದ.

ಈ ಜನವರೀಲಿ ಶರೀಫಣ್ಣ ಮೊದಲನೇ ಸಲ ಸಮುದ್ರಕ್ಕೆ ಬಂದ. ಹೊನ್ನಾವರದಾಗೆ ಅವನ ಹೆಂಡ್ತಿ ಅಕ್ಬರಿ ಬೇಗಂ ಅವರ ಒಡಹುಟ್ಟಿದ ಅಕ್ಕನ ಮಗಳು ಮಿಸ್ಬಾ ಅವ್ಳೆ, ಅವಳಿಗೆ ಮಗು ಹುಟ್ಟಿತ್ತು. ಅಕ್ಬರಕ್ಕ ತೊಟ್ಟಿಲಿಗೆ ಕಟ್ಟೋ ಗಿಲಕಿ ಎಲ್ಲ ಗಂಟು ಕಟ್ಕೊಂಡು ನಮ್ಮ ಗಾಡೀಲೇ ಹೊರಟ್ರು. ಅವರನ್ನ ಅಲ್ಲಿ ಇಳಿಸಿ, ಶರೀಫಣ್ಣನ್ನ ಬಲವಂತವಾಗಿ ಬಂಡೆಗೆ ಕರ್ಕೊಂಡು ಹೋದ್ವಿ. ಬೆಳಗ್ಗೆ ಏಳು ಗಂಟೆ ಇರಬೇಕು. ಕನ್ನಡಕ ಏರಿಸಿ ಸಮುದ್ರ ನೋಡ್ದ. "ದೊಡ್ಡದಾಗೈತೆ," ಅಂದ. ಅಷ್ಟೇ. ಆಮೇಲೆ ಅಂಗಿ ತೋಳು ಮಡಚಿ, ತನ್ನ ಕೈಯಾರೆ ಮಾಡಿದ ಹೊಸ ಮರದ ಮೀನು ಕಟ್ಕೊಂಡು, ಬೈರಪ್ಪಣ್ಣ ನಿಂತಿದ್ದ ಅದೇ ಬಂಡೆ ಕೊನೆಗೆ ಹೋದ. ಅಲ್ಲೇ ನಿಲ್ತೀನಿ ಅಂತ ಹಟ. ಬಂಡೆ ಓಡೋದು ನೋಡ್ತೀನಿ ಅಂತ ತಮಾಷೆ ಬೇರೆ.

ಅಶೋಕ ಗಾಡೀಲಿ ಮಲಗಿದ್ದ. ನಾನು ಮೂವತ್ತು ಮಾರು ದೂರದಾಗೆ ನನ್ನ ದಾರದ ಸಿಕ್ಕು ಬಿಡಿಸ್ತಾ ಕೂತಿದ್ದೆ. ಅಲ್ಲೇನಾಯ್ತು ಅನ್ನೋದು ಆಮೇಲೆ ಅವನೇ ಹೇಳಿದ್ದು, ನಿಮಗೆ ಈಗಲೇ ಹೇಳ್ಬುಡ್ತೀನಿ. ಒಂದು ಗಂಟೆ ಎಸೆದು ಎಸೆದು ತೋಳು ನೋವು ಬಂದಾಗ ನೀರು ದಬ್ ಅಂತ ಸಿಡೀತು. ರಾಡು ಬಿಲ್ಲಿನ ಹಂಗೆ ಬಗ್ಗಿತು. ದಾರ ಎಡಕ್ಕೆ ಓಡ್ತು, ಎರಡು ಬಂಡೆ ನಡುವಿನ ಸಂದಿಗೆ. ನಿಲ್ತು. ಒಂದು, ಎರಡು, ಮೂರು ಸಲ ತಲೆ ಒದರ್ತು. ಆಮೇಲೆ ದಾರ ಹಗುರ ಆಗೋಯ್ತು. ಸುತ್ತಿ ನೋಡಿದ್ರೆ ಮರದ ಮೀನು ಬಂತು. ಮೈಮೇಲೆ ಹಲ್ಲಿನ ಗುರುತಿಲ್ಲ. ಬಾಲದ ತಾವ ತೂತು.

ನಾನು ತಲೆ ಎತ್ತಿದಾಗ ಅವನು ಬಂಡೆ ಮೇಲೆ ಕುಕ್ಕರಗಾಲಲ್ಲಿ ಕೂತು ಅಂಗೈ ನೋಡ್ಕೊಂತಿದ್ದ. "ಏನಣ್ಣ, ಸಿಕ್ತಾ?" ಅಂತ ಕೂಗ್ದೆ.

"ಏನಿಲ್ಲ," ಅಂದ. "ಬಂಡೆಗೆ ಸಿಕ್ಕಾಕ್ಕೊಂತು."

ಮರದ ಮೀನನ್ನ ಜೇಬಿಗೆ ಹಾಕ್ಕೊಂಡ. ಹೊನ್ನಾವರದಾಗೆ ಅಕ್ಬರಕ್ಕನ್ನ ಹತ್ತಿಸ್ಕೊಂಡು ವಾಪಸ್ ಹೊರಟ್ವಿ. ತಿಪಟೂರ್ ಹತ್ರ ಟೀ ಕುಡಿಯೋಕೆ ನಿಲ್ಸಿದಾಗ ಅಶೋಕ ಲೋಟ ಕೊಟ್ಟ. ಶರೀಫಣ್ಣ ಆ ಲೋಟ ನೋಡ್ತಾ ನಿಂತ, ಕುಡೀಲಿಲ್ಲ. ನಾನು ದಾರಿ ಸುಸ್ತು ಅಂದ್ಕೊಂಡೆ. ನಾನೆಂಥ ದಡ್ಡ!

ಅವನ ಜಾಗದಾಗೆ ನಿಂತು ನೋಡಿ. ಯಾರೂ ನೋಡಿಲ್ಲ. ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ. ಬಾಯಿ ಬಿಟ್ರೆ, ಇಷ್ಟು ವರ್ಷ ಎದೆ ತಟ್ಕೊಂಡು ಕೊಟ್ಟ ತೀರ್ಪೆಲ್ಲ ಹೋಯ್ತು, ಈ ಕೈ ಮಾಡಿದ್ದು ಕೆಡಲ್ಲ ಅನ್ನೋ ಹೆಸರು ಹೋಯ್ತು. ಆ ಹೆಸರು ಬಿಟ್ರೆ ಬೊಂಬೆಯೋನ ಹತ್ರ ಇನ್ನೇನೈತೆ? ಆ ಕಡೆ ಬೈರಪ್ಪಣ್ಣನ ನಾಲ್ಕು ವರ್ಷದ ಟೀ.

ಮುಂದಿಂದು ಅಕ್ಬರಕ್ಕ ನಂಗೆ ಹೇಳಿದ್ದು, ನಗ್ತಾ ನಗ್ತಾ, ಬೈತಾ ಬೈತಾ. ಸೋಮವಾರ ಶರೀಫಣ್ಣ ಲೇತು ಮುಟ್ಲಿಲ್ಲ. ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ಪೂರ್ತಿ ಬಕೆಟ್ಟಿಗೆ ಸುರಿದು ನೀರು ತುಂಬಿಸಿ, ಒಂದು ಹೊಸ ಮರದ ಮೀನನ್ನ ಕಲ್ಲು ಕಟ್ಟಿ ಅದರಾಗೆ ಮುಳುಗಿಸಿದ. ಅರ್ಧ ದಿನ ಬಕೆಟ್ಟಿನ ಪಕ್ಕ ಸ್ಟೂಲು ಹಾಕ್ಕೊಂಡು ಕೂತಿದ್ದ. ಮಧ್ಯಾಹ್ನ ತೆಗೆದು, ಜಂತಿಗೆ ಕಟ್ಟಿ, ಅಕ್ಕಿ ಮೂಟೆ ನೇತಾಕ್ದ. ಇಪ್ಪತ್ತೈದು ಕೆಜಿ. ಕಣ್ಣು ಮಿಟುಕಿಸೋದ್ರೊಳಗೆ ಸ್ಕ್ರೂ ಕಿತ್ಕೊಂಡು ಬಂತು. ಮೂಟೆ ದಪ್ ಅಂತ ಬಿದ್ದು ಹೊಲಿಗೆ ಹರಿದು ಅಕ್ಕಿಯೆಲ್ಲ ಅಂಗಳದಾಗೆ ಹರಡ್ತು. ಪಕ್ಕದ ಮನೆ ಕೋಳಿಗಳಿಗೆ ಹಬ್ಬ.

ಅವನಿಗೆ ಆಗ ಹೊಳೀತು ನೋಡಿ. ಬೊಂಬೆ ಮಾಡೋನು ಹುಟ್ಟಿದಾಗಿಂದ ಮರ ಒಣಗಿಸೋದು ಕಲೀತಾನೆ. ಹಸಿ ಮರ ಮುಟ್ಟಬಾರ್ದು, ಒಣಗಬೇಕು, ಚೆನ್ನಾಗಿ ಒಣಗಬೇಕು. ಒಣ ಮರದಾಗೆ ಸ್ಕ್ರೂ ಕಚ್ಕೊಂಡು ಕೂತ್ರೆ ಆನೆ ಎಳೆದ್ರೂ ಬರಲ್ಲ. ಆದ್ರೆ ಮಗು ಆಡೋ ಬೊಂಬೆ ಒಂದು ದಿನಾನೂ ನೀರಲ್ಲಿ ನೆನೆಯಲ್ಲ. ಮರದ ಮೀನು ನೆನೀತದೆ. ಅರಗು ಮೈಯೆಲ್ಲ ಕಾಪಾಡ್ತದೆ, ಸ್ಕ್ರೂ ಕೊರೆದ ತೂತಿಗೆ ಅರಗು ಎಲ್ಲೈತೆ? ಅಲ್ಲಿಂದ ನೀರು ನುಗ್ಗಿ ಒಳಗಿನ ಮರ ಮೆತ್ತಗಾಯ್ತದೆ. ಇಷ್ಟು ವರ್ಷ ಮೀನಿಗೆ ಬೊಂಬೆ ಮಾಡ್ದ, ನೀರಿನ ನೆನಪೇ ಬರ್ಲಿಲ್ಲ ಆ ಮನುಷ್ಯನಿಗೆ. ಬೇರೆ ಯಾವ ಬಡಗೀನೂ ಈ ತಪ್ಪು ಮಾಡ್ತಿರ್ಲಿಲ್ಲ. ಚನ್ನಪಟ್ಟಣದೋನೇ ಮಾಡಬೇಕು.

ಅಕ್ಬರಕ್ಕ ಪೊರಕೆ ಹಿಡ್ಕೊಂಡು ಬಂದ್ರು. ಅವನು ಒದ್ದೆ ಸ್ಕ್ರೂ ಅಂಗೈಲಿಟ್ಕೊಂಡು ಇಡೀ ಕತೆ ಹೇಳಿದ. ಅಕ್ಬರಕ್ಕ ಕೇಳಿದ್ರು. "ಬೈರಪ್ಪಣ್ಣನಿಗೆ ಒಂದು ಮಾತು ಹೇಳೋಕೆ ಇಷ್ಟು ಅಕ್ಕಿ ಚೆಲ್ಲಬೇಕಿತ್ತಾ? ಮೊದಲು ಆಯ್ದು ಕೊಡಿ, ಆಮೇಲೆ ಹೇಳಿ" ಅಂತ ಪೊರಕೇನ ಅವನ ಕೈಗೇ ಕೊಟ್ರು.

ಭಾನುವಾರ ಬಂತು. ಬೈರಪ್ಪಣ್ಣ ಒಂದು ಚೀಲ ಸೊಗಡವರೆ ತಂದಿದ್ದ, ಅಕ್ಬರಕ್ಕನಿಗೆ ಅಂತ. ಚೀಲ ಇಟ್ಟು, ಟವಲು ಒದರಿ, ಯಾವಾಗಿನ ಹಂಗೆ ಫ್ಲಾಸ್ಕಿಗೆ ಕೈ ಹಾಕ್ದ.

"ಒಸಿ ತಡಿಯಣ್ಣ," ಅಂದ ಶರೀಫಣ್ಣ. "ಮೊದ್ಲು ನನ್ನ ಕತೆ."

ನಮಗೆ ಖುಷಿ. ಜಡ್ಜೇ ಕಟಕಟೆಗೆ ಬಂದವ್ನೆ! "ಮೀನು ಇಡು ಮುಂದೆ, ರೂಲು ಎಲ್ಲರಿಗೂ ಒಂದೇ!" ಅಂತ ಅಶೋಕ ಕೂಗ್ದ. ಶರೀಫಣ್ಣ ಜೇಬಿಂದ ತೆಗೆದು ಇಟ್ಟ. ಬಾಲದ ತಾವ ತೂತು.

"ಏನೋ ಹಿಡೀತು," ಅಂದ. "ಎಡಕ್ಕೆ ಓಡ್ತು, ಸಂದಿಗೆ. ನಿಲ್ತು. ಮೂರು ಸಲ ತಲೆ ಒದರ್ತು. ಆಮೇಲೆ ದಾರ ಹಗುರ ಆಗೋಯ್ತು."

ನನ್ನ ಬಾಯಿ ಸುಮ್ಮನಿರ್ತದಾ? "ಅಯ್ಯೋ ಅಣ್ಣ, ನಿಂಗೂ ಓಡೋ ಬಂಡೆ ಸಿಕ್ತಾ!" ಅಂತ ತೊಡೆ ತಟ್ಕೊಂಡು ನಕ್ಕೆ. ಅಶೋಕನೂ ನಕ್ಕ. ಶರೀಫಣ್ಣ ನಗ್ಲಿಲ್ಲ. ಎದ್ದು ಮೂಲೆಲಿದ್ದ ಬಕೆಟ್ಟಿಂದ ನೆಂದ ಮರದ ಮೀನು ಒಂದು ತೆಗೆದು, ಅದರ ಮೂತೀನ ಲೇತಿಗೆ ಬಿಗಿದ. ಇಕ್ಕಳ ತಂದು ನನ್ನ ಕೈಗಿಟ್ಟ.

"ಕೆಂಪರಾಜು, ಆ ಬಾಲದ ಕೊಂಡಿ ಹಿಡ್ದು ಎಳಿ."

"ಯಾಕಣ್ಣ?"

"ಎಳಿ ಅಂದೆ."

ಎಳೆದೆ. ಬಲ ಹಾಕ್ಲೇ ಇಲ್ಲ ಅನ್ನಿ, ಒಂದು ಸಲ ಜಗ್ಗಿದೆ. ಸ್ಕ್ರೂ ಕೈಗೆ ಬಂತು. ಒದ್ದೆ ಮರದ ಪುಡಿ ಅಂಟ್ಕೊಂಡಿತ್ತು ಅದಕ್ಕೆ. ನನಗೆ ಅರ್ಥ ಆಗೋಕೆ ಒಂದು ಕ್ಷಣ ಹಿಡೀತು. ಆದ ಮೇಲೆ ಇಕ್ಕಳ ಎಲ್ಲಿಡಬೇಕೋ ಗೊತ್ತಾಗ್ಲಿಲ್ಲ.

ಶರೀಫಣ್ಣ ಗೋಡೆ ತಾವ ಹೋಗಿ ಬುರುಡೆ ಮೊಳೆಯಿಂದ ಬೈರಪ್ಪಣ್ಣನ ಮರದ ಮೀನು ಇಳಿಸಿದ. ನಾಲ್ಕು ವರ್ಷದ ಧೂಳು. ತನ್ನ ಅಂಗಿಯಲ್ಲಿ ಒರೆಸಿದ. ತಾಳೆಗರಿ ತಗೊಂಡು ಒಂದು ಸಲ ಉಜ್ಜಿದ. ನೀಲಿ ಬೆನ್ನು ಹೊಳೀತು. ಎರಡೂ ಕೈಯಲ್ಲಿ ಹಿಡ್ದು ಬೈರಪ್ಪಣ್ಣನ ಮುಂದೆ ನಿಂತ.

"ನೀನು ಹೇಳಿದ್ದು ನಿಜ ಕಣಣ್ಣ. ನನ್ನ ಸ್ಕ್ರೂ ಸುಳ್ಳು," ಅಂದ. "ನಾಲ್ಕು ವರ್ಷ ನಿನ್ನ ಕೈಲಿ ಟೀ ಕುಡ್ದೆ. ತಪ್ಪಾಯ್ತು."

ಆಮೇಲೆ ನನ್ನ ಕಡೆ ತಿರುಗಿದ. "ಬಂಡೆ ಮೇಲೆ ನೀನು ಕೇಳ್ದಾಗ ಬಂಡೆಗೆ ಸಿಕ್ತು ಅಂದೆನಲ್ಲ, ಅದು ಬುರುಡೆ." ಅಂದೋನೇ ತನ್ನ ಮರದ ಮೀನನ್ನ ತಗೊಂಡು ಹೋಗಿ ಮೊಳೆಗೆ ಹಾಕ್ದ. "ಇದು ನಾಲ್ಕು ವರ್ಷ ಇಲ್ಲೇ ಇರ್ಲಿ. ಟೀ ನಾನು ಬಗ್ಗಿಸ್ತೀನಿ."

ನನಗೂ ಏನೋ ಹೇಳಬೇಕು ಅನ್ನಿಸ್ತು, ಬೈರಪ್ಪಣ್ಣ ನನ್ನ ಬಾಯಿ ದರಿದ್ರದ್ದು, ಕ್ಷಮಿಸು ಅಂತ. ಯಾವತ್ತೂ ಮುಚ್ಚದ ಬಾಯಿ, ಬೇಕಾದಾಗ ತೆರೀಲೇ ಇಲ್ಲ. ಹೋಗಿ ಅವನ ಪಾದ ಮುಟ್ಟಿದೆ. "ಏಯ್, ಏಳ್ಲಾ ಮ್ಯಾಕೆ," ಅಂತ ತಲೆ ಮೇಲೊಂದು ಮೊಟಕಿದ.

ಬೈರಪ್ಪಣ್ಣ ಎದ್ದ. ನಿಧಾನಕ್ಕೆ ಗೋಡೆ ತಾವ ಹೋದ. ಶರೀಫಣ್ಣನ ಮರದ ಮೀನನ್ನ ಮೊಳೆಯಿಂದ ಇಳಿಸಿ ತಂದು ಅವನ ಕೈಗೇ ಕೊಟ್ಟ.

"ಒಪ್ಕೊಂಡ ಮೇಲೆ ಅವತ್ತೇ ಇಳಿಸ್ಬೇಕು," ಅಂದ. "ರೂಲು ನೀನೇ ಮಾಡಿದ್ದಲ್ವಾ ಶರೀಫು."

ಈಗ ಶರೀಫಣ್ಣ ಕೊಂಡಿ ಸ್ಕ್ರೂ ಹಾಕಲ್ಲ. ಮರದ ಮೀನನ್ನ ಎರಡೂ ಕಡೆಯಿಂದ ಕೊರೆದು, ನಡುವೆ ತೂತು ಸೇರೋ ಹಂಗೆ ಮಾಡಿ, ಮೂತಿಯಿಂದ ಬಾಲದ ತನಕ ಒಂದೇ ತಂತಿ ತೂರಿಸ್ತಾನೆ. ಮರ ಪೂರ್ತಿ ಕರಗಿ ಹೋದ್ರೂ ತಂತೀಲಿ ಮೀನು ನಿಲ್ತದೆ. ಬೇರೆಯೋರು ಹತ್ತು ಮರ ಹಾಳು ಮಾಡಿ ಒಂದು ಕೊರೀತಾರೆ, ಇವನ ಎರಡು ತೂತು ಒಂದ್ಸಲಾನೂ ತಪ್ಪಲ್ಲ. ಹಳೇದು ಯಾರ ಹತ್ರ ಐತೋ ಎಲ್ಲ ವಾಪಸ್ ತರಿಸ್ಕೊಂಡು ಬದಲಾಯ್ಸಿ ಕೊಡ್ತಾವ್ನೆ. ಕೇಳಿದೋರಿಗೆಲ್ಲ, "ಮೊದ್ಲು ತಪ್ಪು ಮಾಡಿದ್ದೆ, ಈಗ ಸರಿ ಮಾಡಿದ್ದೀನಿ, ಇನ್ನು ಇದಕ್ಕೆ ಸಾವಿಲ್ಲ" ಅಂತಾನೆ, ಅದೇ ಗತ್ತಿನಾಗೆ. ಜಂತಿಗೆ ನೇತಾಕೋಕೆ ಮುಂಚೆ ಮೂರು ದಿನ ಉಪ್ಪುನೀರಲ್ಲಿ ನೆನೆಸ್ತಾನೆ. ಅಕ್ಕಿ ಮೂಟೆ ಬದಲು ಈಗ ಮರಳು ಮೂಟೆ, ಅದು ಅಕ್ಬರಕ್ಕನ ರೂಲು. ಮೊದಲನೇ ತಂತಿ ಮೀನು ಬೈರಪ್ಪಣ್ಣಂದು. ಬರೋ ತಿಂಗಳು ಅವನೂ ನಮ್ಮ ಜೊತೆ ಬತ್ತಾನೆ, ಅದೇ ಬಂಡೆ ಕೊನೆಗೆ.

ಆ ಭಾನುವಾರದ್ದು ಇನ್ನೊಂದು ಮಾತು ಉಳ್ಕೊಂತು. ಶರೀಫಣ್ಣ ಫ್ಲಾಸ್ಕ್ ಎತ್ತಿ ಮೊದಲನೇ ಲೋಟ ಬೈರಪ್ಪಣ್ಣನಿಗೆ ಬಗ್ಗಿಸಿದ. ಎಲ್ಲರ ಮುಖ ಒಸಿ ಸಡಿಲ ಆಯ್ತು. ಆಗ ಅಶೋಕ ಬೈರಪ್ಪಣ್ಣನ್ನ ಕೇಳ್ದ.

"ಅಣ್ಣ, ಈಗ ಹೇಳು, ನಾವೆಲ್ಲ ನಂಬ್ತೀವಿ. ಎಷ್ಟುದ್ದ ಇತ್ತು ಆ ಮೀನು?"

ನಾವೆಲ್ಲ ಬಗ್ಗಿ ಕೂತ್ವಿ. ಅವತ್ತು ಅವನು ಕೈ ಎಷ್ಟು ಅಗಲಿಸಿದ್ರೂ ನಾವು ಹೂಂ ಅಂತಿದ್ವಿ, ಒಂದಾಳುದ್ದ ಅಂದ್ರೂ ತಲೆ ಆಡಿಸ್ತಿದ್ವಿ. ಬೈರಪ್ಪಣ್ಣ ಟೀ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ನಾನು ನೋಡ್ಲಿಲ್ಲ ಕಣಪ್ಪ," ಅಂದ. "ಅವತ್ತೂ ನೋಡ್ದೆ ಅಂತ ಹೇಳಿರ್ಲಿಲ್ಲ."